ಕೆನ್ನೆಗೆ ಒತ್ತಿ ನೋಡು

ಪೆಟ್ಟಿಗೆ ಇಲ್ಲಿಡು, ಅಬುಂದಿಯೊ. ದೀಪ ಬೇಡ.
ಹಚ್ಚಿದರೂ ಒಂದೇ, ಆರಿಸಿದರೂ ಒಂದೇ ಈ ಕಣ್ಣಿಗೆ.
ಅರಣ್ಯ ಕಚೇರಿಯ ನಿನ್ನ ಸಾಹೇಬರಿಗೆ ಹೇಳು,
ನಿಕನೋರಾ ಮುದುಕಿ ಓದುವುದು ಬೆರಳಲ್ಲಿ.

ಎಷ್ಟಿವೆ? ಹನ್ನೊಂದು.
ಯಾರ ಲಾರಿಯಲ್ಲಿ ಸಿಕ್ಕವು? ಬಿಡು, ಹೇಳಬೇಡ.
ಈ ಊರಲ್ಲಿ ಲಾರಿ ಇರುವುದೇ ಮೂವರಿಗೆ,
ಮೂವರೂ ನನಗೆ ನೆಂಟರು.

ಒಂದು ಕೊಡು.
ಅಬ್ಬ! ಕೊಕ್ಕೆ ಇದೆ ಇದಕ್ಕೆ.
ಮೇಲೆ ರೇಷ್ಮೆ, ಒಳಗೆ ಗಾಳ,
ಅಂಗಿಯ ತೋಳು ಹಿಡಿದು ಸಾಲ ಕೇಳುವ ಜಾತಿ.
ಆಚೆಗಿಡು.
ಇನ್ನೊಂದರ ಬದಿಗೆ ಸೂಜಿ ಚುಚ್ಚು, ಮೆಲ್ಲಗೆ.
ಹಾಲು ಬಂತೆ? ಹಾಗಾದರೆ ಬೇರೆ ಮನೆಯ ಮಗಳು.
ನಮ್ಮದಕ್ಕೆ ಗಾಯವಾದರೆ ಬರೀ ನೀರು.

ಮೂರನೆಯದು...
ತಾಳು, ಮಾತಾಡಬೇಡ.

ಮುಳ್ಳಾಗಲು ಹೊರಟು
ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ್ದು ಇದು.
ಕೋಳಿಮರಿಯ ಎದೆ.
ಒಂದೊಂದು ಗುಬಟಿನ ತುದಿಗೂ ನಲವತ್ತು ಗರಿ,
ನಡುವೆ ನೆಟ್ಟಗೆ ನಿಂತು ಗದರುವ ಮುಳ್ಳು ಒಂದೂ ಇಲ್ಲ.
ಕೆನ್ನೆಗೆ ಒತ್ತಿ ನೋಡು, ಹೆದರಬೇಡ.
ತಲೆಗೆ ತಲೆ ಹಚ್ಚಿ ಮಲಗಿದ್ದಾವೆ, ಎಣಿಸು.
ಹದಿನೇಳೆ? ನಿನಗಿಂತ ಹಿರಿಯಳು ಇವಳು,
ಬಹುವಚನದಲ್ಲಿ ಮಾತಾಡಿಸು.

ಈಗ ಬುಡ ತೋರಿಸು, ಬುಡ ಸುಳ್ಳು ಹೇಳುವುದಿಲ್ಲ.
ಕುಂಡದಲ್ಲಿ ಬೆಳೆದ ಬೇರು ಕುಂಡದಂತೆ ದುಂಡಗೆ.
ಇದು ಒಂದು ಕಡೆ ಚಪ್ಪಟೆ, ಬಂಡೆಯ ಬಿರುಕಿನ ಅಚ್ಚು,
ಸಂದಿಯಲ್ಲಿ ಸುಣ್ಣಕಲ್ಲಿನ ಹಿಟ್ಟು.
ಮೀಟಿ ಕಿತ್ತದ್ದು ಸಲಾಕೆ. ಅಗಲ ಬಾಯಿಯದು.
ಅದು ನನಗೆ ಹೇಗೆ ಗೊತ್ತು ಎಂದು ಕೇಳಬೇಡ.

ಕೇಳಿಯೇಬಿಟ್ಟೆಯಲ್ಲ.

ನಾನೂ ಒಬ್ಬ ಕಳ್ಳಿಯೇ, ಮಗನೇ.
ಎಲೆವುತೇರಿಯೊ ಮೇಲೆ ಹಗ್ಗ ಹಿಡಿದಿರುತ್ತಿದ್ದ,
ತಾನೇ ಹೊಸೆದ ನಾರಿನ ಹಗ್ಗ.
ನಾನು ಹಗುರ, ನಾನೇ ಇಳಿಯುತ್ತಿದ್ದೆ.
ಕೆಳಗೆ ಕಣಿವೆಯಲ್ಲಿ ಹದ್ದಿನ ಬೆನ್ನು ಕಾಣುತ್ತಿತ್ತು.
ಸಾಲ್ತಿಯೊ ಪೇಟೆಯಲ್ಲಿ ಡಿಸೆಂಬರ್ ಬಂದರೆ
ಗೋದಲಿ ಕಟ್ಟುವವರಿಗೆಲ್ಲ ಹಿಮ ಬೇಕು,
ನಮ್ಮ ಮರುಭೂಮಿಯಲ್ಲಿ ಹಿಮ ಎಲ್ಲಿಂದ ತರುವುದು?
ಚೀಲ ಬಿಚ್ಚಿ ಸುರಿಯುತ್ತಿದ್ದೆವು ಹಿಮವನ್ನು,
ಬೆಟ್ಟು ಗಾತ್ರದ ಮಣ್ಣಿನ ಕುರಿಗಳು ಅದರ ಮೇಲೆ ಮೇಯುತ್ತಿದ್ದವು.
ಜನವರಿಯಲ್ಲಿ ಮೂರು ರಾಜರು ಒಂಟೆ ಹತ್ತಿದರೆ
ಹಿಮ ಕಸಕ್ಕೆ.

ಒಂದು ಸಲ ಚರ್ಚಿನ ಹಿಂದಿನ ತಿಪ್ಪೆಯಲ್ಲಿ
ಕಿತ್ತಳೆ ಸಿಪ್ಪೆಗಳ ನಡುವೆ ಅಡ್ಡ ಬಿದ್ದಿತ್ತು ಒಂದು,
ಬೇರಿಲ್ಲ, ಮಣ್ಣಿಲ್ಲ, ಹೂ ಬಿಟ್ಟಿತ್ತು.
ಅಕ್ಕಿನುಚ್ಚಿನಷ್ಟು ಬಿಳಿ, ಜೇನಿನ ವಾಸನೆ.
ನಾನು ಮಾರಿದ್ದೇ ಇರಬೇಕು.
ಶಾಲಿನಲ್ಲಿ ಸುತ್ತಿ ತಂದೆ.
ಮಾಳಿಗೆಯ ಮೇಲಿರುವುದೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ನೀನು ಬರೆದುಕೊಳ್ಳುವವನು, ಬರೆದುಕೋ:
ತಲೆಗೆ ನೀರು ಸುರಿಯಬೇಡ, ಗರಿ ಕೊಳೆಯುತ್ತದೆ,
ಬುಡಕ್ಕೆ ಕೊಡು, ಕೊಟ್ಟು ಮರೆತುಬಿಡು.
ಮಣ್ಣು ಒಂದು ಹಿಡಿ, ಜಲ್ಲಿ ಮೂರು,
ಗೋಡೆಯಿಂದ ಉದುರಿದ ಸುಣ್ಣದ ಚೂರು ಇದ್ದರೆ ಅದೂ.
ಬಿಸಿಲು ಬೇಕು, ಗಾಳಿ ಅದಕ್ಕಿಂತ ಹೆಚ್ಚು.
ಚಳಿಗಾಲದಲ್ಲಿ ಬಾಯಾರುವುದು ನಿನಗೆ, ಅದಕ್ಕಲ್ಲ.
ಬೀಜ ಉಣ್ಣೆಯೊಳಗೆ ಅಡಗಿರುತ್ತದೆ, ಚಿಮುಟ ಬೇಕು,
ನನ್ನ ಉಗುರಾದರೂ ಆದೀತು.
ಕಡಲೆಯಷ್ಟಾಗಲು ಎರಡು ವರ್ಷ. ಅವಸರವಿದ್ದರೆ ಕುಂಬಳ ಹಾಕು.

ಆಯಿತು. ಹನ್ನೊಂದರಲ್ಲಿ ಏಳು ಬಂಡೆಯವು.
ಅಷ್ಟು ಬರೆ.

ಇನ್ನೊಂದಿದೆ.
ಏಳರ ಬುಡದಲ್ಲೂ ಒಂದೇ ಗೆರೆ ತಪ್ಪಿದೆ,
ಸಲಾಕೆಯ ಬಾಯಿ ಎಡಗಡೆ ಮುಕ್ಕಾದ ಜಾಗ.
ಆ ಮುಕ್ಕು ಬಿದ್ದದ್ದು ನನ್ನ ಕೈಯಲ್ಲಿ,
ಎಲೆವುತೇರಿಯೊ ಮೂರು ದಿನ ಬೈದಿದ್ದ.
ಹೋದ ವರ್ಷ ತಂಗಿಯ ಮಗ ಕೇಳಿ ಒಯ್ದ,
ಬೇಲಿಗೆ ಗುಣಿ ತೋಡಬೇಕು, ಚಿಕ್ಕಮ್ಮ ಅಂತ.

ಕಡಿದ ಬೇರನ್ನು ತಕ್ಷಣ ನೆಡಬಾರದು.
ನೆರಳಲ್ಲಿಡಬೇಕು ಗಾಯ ಒಣಗುವವರೆಗೆ,
ಹತ್ತು ದಿನ.

ಪೆನ್ನು ಮುಚ್ಚು.
ಹತ್ತು ದಿನ ಬಿಟ್ಟು ಬಾ.