ವಾಪಸ್ ಬಂದ ಖಣ

ಪುಣೆಯಿಂದ ತಿರುಗಿ ಬಂತು ಪಾಕೀಟು,
ಕಾರಣದ ಜಾಗದಲ್ಲಿ ಒಂದೇ ಸಾಲು:
ಫೋಟೋದಲ್ಲಿ ನೀಲಿ, ಕೈಯಲ್ಲಿ ಹಸಿರು.

ಸಂಜೆ ಗುಳೇದಗುಡ್ಡದ ಬಜಾರದಲ್ಲಿ
ರಾಜೇಸಾಬನ ಮೊಬೈಲ್ ಅಂಗಡಿ ಗಾಜಿನ ಮೇಲೆ
ಐದು ಫೋನು ಸಾಲಾಗಿ ಇಟ್ಟೆವು.
ಒಂದೇ ಫೋಟೋ, ಐದು ಬಣ್ಣ.
ಒಡಕು ಪರದೆಯ ನನ್ನದರಲ್ಲಂತೂ
ಶಾಯಿ ಚೆಲ್ಲಿದ ಹಂಗ.

"ನೈಟ್ ಮೋಡ್ ತಗೀರಿ ಮೊದಲ, ಅದು ಅರಿಷಿಣ ಬಳೀತದ."
"ತುಟ್ಟಿ ಪರದೆ ಸುಳ್ಳ ಹೇಳೂದಿಲ್ಲ."
"ಹೇಳ್ತದ, ಚಂದಾಗಿ ಹೇಳ್ತದ," ಅಂದ
ನೂಲಿಗೆ ಬಣ್ಣ ಕಟ್ಟುವ ಮುರಿಗೆಪ್ಪ.
ಅವನ ಉಗುರ ಸಂದಿಯಲ್ಲಿತ್ತು
ನಾವು ಹುಡುಕುತ್ತಿದ್ದ ಬಣ್ಣ.
ಆ ಕೈಯನ್ನ ಪುಣೆಗೆ ಹೆಂಗ ಕಳಿಸೂದು?

ಮಾತು ಪರದೆಯಿಂದ ಬೆಳಕಿಗೆ ಹೋತು,
ಬೆಳಕಿನಿಂದ ಕಂಪನಿಗೆ,
ಚಹಾ ಎರಡು ಸಲ ಬಂತು.

ಚಾರ್ಜರ್ ವಾಯರು ಒಯ್ಯಲು ಬಂದ ಸಂಗವ್ವತ್ತಿ,
ಹೋದ ತಿಂಗಳಷ್ಟೆ ಬಾಗಲಕೋಟೆಯಲ್ಲಿ
ಬಲಗಣ್ಣ ಪೊರೆ ತೆಗೆಸಿದಾಕಿ,
ಖಣ ಎತ್ತಿ ಹಿಡಿದಳು.
ಎಡಗಣ್ಣು ಮುಚ್ಚಿ: "ನೀಲಿ ಐತಿ."
ಬಲಗಣ್ಣು ಮುಚ್ಚಿ: "ಹಸರ."
ಮತ್ತೊಮ್ಮೆ ಮುಚ್ಚಿ ತೆರೆದು, ಸಣ್ಣ ಹುಡುಗಿಯಂತೆ ನಕ್ಕು
"ಎರಡೂ ನನ್ನ ಕಣ್ಣ. ಯಾವುದನ್ನ ವಾಪಸ್ ಕಳಿಸ್ಲಿ?" ಅಂದಳು.
ವಾಯರಿನಲ್ಲಿ ಹತ್ತು ರೂಪಾಯಿ ಚೌಕಾಸಿ ಮಾಡಿ ಹೋದಳು.

ಮನೆಗೆ ಬಂದು ಆ್ಯಪ್ ತೆರೆದೆ.
ಬಣ್ಣ ಆರಿಸಿ, ಅಂತಿತ್ತು.
ಹನ್ನೆರಡು ಚೌಕ, ನವಿಲಿಗೆ ಜಾಗವಿಲ್ಲ.
ನೀಲಿ ಒತ್ತಿದೆ, ಅಳಿಸಿದೆ,
ಹಸಿರು ಒತ್ತಿದೆ, ಅಳಿಸಿದೆ.
ಕಡೆಗೆ ಒತ್ತಿದ್ದು: ಇತರೆ.

ಖಣ ಮಾತ್ರ ನಾನೇ ಹೊಲಿಸಿಕೊಳ್ಳುತ್ತೇನೆ.