ಇನ್ನೂರ ಹನ್ನೆರಡು ಕಾಗದ

ಸಾರೆಮಾ ದ್ವೀಪ, ಕುರೆಸ್ಸಾರೆ ಬಂದರು, ಫೆಬ್ರವರಿ.
ಹದಿನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದು
ಕಚೇರಿಗೆ ಬಂದರೆ
ಪೆಟ್ಟಿಗೆಯೊಳಗೆ ಇನ್ನೂರ ಹನ್ನೆರಡು ಕಾಗದ,
ಎಲ್ಲದರ ನೆತ್ತಿಯ ಮೇಲೂ ಒಂದೇ ವಿಷಯ:
ಋಣ ಚಿಹ್ನೆ.

ಕಡಲಲ್ಲಿ ತೇಲುವ ನಮ್ಮ ಬುರುಡೆಗಳು
ಗಾಳಿಯ ಚಳಿ ಅಳೆದು ದಡಕ್ಕೆ ಹೇಳುತ್ತವೆ.
ಸೊನ್ನೆಯ ಕೆಳಗಿಳಿದಾಗ ಅಂಕಿಯ ಮುಂದೆ ಎಳೆಯುವ ಗೆರೆ
ಗಿಡ್ಡ ಇರಬೇಕೋ ಉದ್ದ ಇರಬೇಕೋ?
ಗ್ಡೀನಿಯಾದ ವೋಯ್ಚೆಖ್ ಗಿಡ್ಡ ಅಂದ,
ಔಲುವಿನ ಐರಾ ಉದ್ದ ಅಂದಳು,
ಅಲ್ಲಿಂದ ಮುಂದೆ ಹನುಮಂತನ ಬಾಲ.

ಇದನ್ನೆಲ್ಲ ಓದಲು ಒಂದು ಒಳ್ಳೆಯ ಪ್ರೋಗ್ರಾಂ ಬೇಕಿತ್ತು.

ಕಂಪ್ಯೂಟರಿನ ಜೊತೆಗೇ ಬಂದದ್ದೊಂದು
ಬಂದವರನ್ನು ಬಂದ ಹೊತ್ತಿಗೆ ಸಾಲು ನಿಲ್ಲಿಸುತ್ತದೆ,
ಹಡಗಿನ ಟಿಕೆಟ್ ಕಿಟಕಿಯ ಮುಂದಿನ ಹಾಗೆ
ಯಾರ ಬೆನ್ನಿಗೋ ಯಾರೋ.
"ಖಂಡಿತ ಇಲ್ಲ" ಅನ್ನುತ್ತಾನೆ ಒಬ್ಬ.
ಯಾವುದಕ್ಕಪ್ಪಾ ಇಲ್ಲ?
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಐರಾಗೆ ಬೈಯಬೇಕಾದದ್ದನ್ನೆಲ್ಲ
ವೋಯ್ಚೆಖನಿಗೆ ಬೈದು ಬರೆದು,
ಕಳಿಸುವ ಮುಂಚೆ, ಪುಣ್ಯಕ್ಕೆ, ಕಾಫಿಗೆ ಎದ್ದೆ.

ಇನ್ನೊಂದನ್ನು ಮಗಳು ಕೇರ್ತು ಹಾಕಿಕೊಟ್ಟಳು. ಬಲು ನಾಜೂಕು.
ಅಷ್ಟನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ
ಮೇಲೊಂದು ಸಂಖ್ಯೆ ಬರೆದು ಇಟ್ಟಿತು.
ಒಳಗೆ ಕೈ ಹಾಕಿದರೆ
ಹಳೆಯ ಮಾತೆಲ್ಲ ಮೂರು ಚುಕ್ಕೆಯ ಹಿಂದೆ ಅಡಗಿವೆ.
ನಿಮಗೆ ಮುಖ್ಯವಾದದ್ದು ಎಂದು ತಾನೇ ಆರಿಸಿ
ನಾಲ್ಕು ಕಾಗದ ಬಡಿಸಿತು.
ನಾಲ್ಕೂ ನನ್ನ ಮೇಲಧಿಕಾರಿಯವು.

ಆಗ ಲೇಯ್ಡಾಳ ಚೀಟಿ ನೆನಪಾಯಿತು,
ನಿವೃತ್ತಿಯ ದಿನ ಮೇಜಿನ ಖಾನೆಯಲ್ಲಿ ಬಿಟ್ಟುಹೋದದ್ದು:
ಪೆನ್ಸಿಲ್ಲಿನಲ್ಲಿ ಏಳು ಕೀಲಿಗಳ ಹೆಸರು, ಕೆಳಗೆ
"ಮೌಸ್ ಮುಟ್ಟಬೇಡ. ಅದರ ಪರಿಚಯ ಇದಕ್ಕಿಲ್ಲ."

ಕಪ್ಪು ಪರದೆ. ಬಿಳಿ ಅಕ್ಷರ. ಚಿತ್ರವಿಲ್ಲ.
ನಮ್ಮ ನುಡಿಯ, ತಲೆಯ ಮೇಲೆ ಅಲೆ ಹೊತ್ತ ಓಕಾರ ಕಂಡರೆ
ಒಂದು ಚೌಕ ಬರೆದು ಸುಮ್ಮನಾಗುತ್ತದೆ.
ಆದರೂ ಒಂದು ಬುದ್ಧಿ ಇದೆ ಅದಕ್ಕೆ,
ಯಾರ ಮಾತಿಗೆ ಯಾರ ಉತ್ತರ ಎನ್ನುವುದನ್ನು
ಗೆರೆ ಎಳೆದು, ಗಾಳಿಗೆ ಮಲಗಿದ ಮರದ ಹಾಗೆ
ಬುಡ ಎಡಕ್ಕೆ, ಟೊಂಗೆ ಬಲಕ್ಕೆ ಬಿಡಿಸುತ್ತದೆ.

ಐರಾ ವೋಯ್ಚೆಖರ ಟೊಂಗೆ ಪರದೆಯ ಅಂಚು ದಾಟಿ
ಗೋಡೆಯೊಳಗೆ ಹೋಯಿತು. ಹೋಗಲಿ.
ಕೀಲಿ ಒತ್ತಿದೆ. ನೂರರವತ್ತು ಕಾಗದ
ಕೊಡೆಯ ಹಾಗೆ ಮಡಚಿಕೊಂಡಿತು.
ಮತ್ತೊಂದು ಕಡೆ ಯಾರೋ ಅಲ್ಪವಿರಾಮದ ಮೇಲೆ ಸಿಟ್ಟಾಗಿದ್ದರು,
ಅದನ್ನೂ ಮಡಚಿದೆ.

ಉಳಿದದ್ದು ಒಂದು ಕಡ್ಡಿ.
ಬುಡದಿಂದ ಮೂರನೆಯ ಗೆರೆ, ಹನ್ನೊಂದು ದಿನ ಹಳೆಯದು,
ಕೆಳಗೆ ಏನೂ ಚಿಗುರಿಲ್ಲ.
ರೂಹ್ನು ದ್ವೀಪದಲ್ಲಿ ದೀಪ ನೋಡಿಕೊಳ್ಳುವ ಯಾಗುಪ್ ಬರೆದದ್ದು:

"ಬುರುಡೆ ನಾಲ್ಕು ಡಿಗ್ರಿ ಅನ್ನುತ್ತಿದೆ.
ನನ್ನ ನಾಯಿ ನೀರಿನ ಮೇಲೆ ನಡೆದುಕೊಂಡು ಹೋಗುತ್ತಿದೆ.
ಯಾರನ್ನು ನಂಬಲಿ?"

ಗೆರೆ ಗಿಡ್ಡವೂ ಅಲ್ಲ, ಉದ್ದವೂ ಅಲ್ಲ,
ಗೆರೆಯೇ ಬಿದ್ದುಹೋಗಿತ್ತು.
ಬುರುಡೆ ಬುರುಡೆ ಬಿಡುತ್ತಿತ್ತು.
ಇನ್ನೂರ ಹನ್ನೊಂದು ಕಾಗದ
ಆ ಹುಡುಗನ ತಲೆಯ ಮೇಲಿಂದ ಹಾರಿಹೋಗಿದ್ದವು,
ನಾನು ಹಾಸಿಗೆಯಲ್ಲಿ ಬೆವರುತ್ತ ಬಿದ್ದಿದ್ದೆ.

ಎರಡು ಬೆರಳಲ್ಲಿ ಕುಟ್ಟಿದೆ:
"ನಾಯಿಯನ್ನು. ಆದರೆ ನೀನು ಇಳಿಯಬೇಡ,
ನಿನ್ನ ತೂಕ ಬೇರೆ."
ಅವನ ಹೆಸರಿನ ಕೆಳಗೆ ಒಂದು ಗೆರೆ ಬಾಗಿ
ನನ್ನ ಹೆಸರು ಬಂದು ನಿಂತಿತು,
ಹೊಟ್ಟೆಯಲ್ಲೊಂದು ಚೌಕ ಇಟ್ಟುಕೊಂಡು.

ಐರಾ ಮತ್ತೆ ಬರೆದಿದ್ದಾಳೆ. ಇನ್ನೂ ಓದಿಲ್ಲ.
ಕೇರ್ತುಗೆ ಏನು ಹೇಳುವುದೋ ಗೊತ್ತಾಗುತ್ತಿಲ್ಲ,
ಅಷ್ಟು ಚಂದದ್ದನ್ನು ಹಾಕಿಕೊಟ್ಟಿದ್ದಳು.

ಕತ್ತಲಾದ ಮೇಲೆ ಯಾಗುಪನ ಕಡ್ಡಿ
ಇನ್ನೊಂದು ಮೆಟ್ಟಿಲು ಇಳಿಯಿತು:
"ಸರಿ. ನಾಯಿ ಆವತ್ತೇ ವಾಪಸ್ ಬಂತು.
ಬುರುಡೆ ಇವತ್ತೂ ನಾಲ್ಕು ಅನ್ನುತ್ತಿದೆ."