ಅರ್ಧ ಟನ್ನು

ಮೇಲೆ ಕೊಂಡಿ ಇದೆಯಲ್ಲೇ, ಅಂದಳು ಅವ್ವ.
ಇದೆ. ಗ್ಯಾರೇಜಿನ ತಾರಸಿಯಲ್ಲಿ ಸುಣ್ಣ ಮೆತ್ತಿಕೊಂಡು
ಹೆಬ್ಬೆರಳು ದಪ್ಪದ ಕಬ್ಬಿಣದ ಕೊಂಡಿ.
ಕಾರು ಬರುವ ಮೊದಲು ಇದು ನಡುಮನೆ;
ನಾನೂ ತಮ್ಮನೂ ಅದರಡಿಯೇ ನಿದ್ದೆ ಕಲಿತವರು.
'ನಿಮ್ಮಿಬ್ಬರನ್ನೂ ತೂಗಿದೆ. ಒಂದು ಇಂಜಿನ್ ತೂಗಲ್ವಾ?'

ಆ ತೂಗೋದು ಬೇರೆ, ಈ ತೂಗೋದು ಬೇರೆ ಅವ್ವ.
ಹುಟ್ಟಿದಾಗ ನಾನು ಎರಡೂವರೆ ಕೇಜಿ.
ಪದ್ಮಿನಿಯ ಇಂಜಿನ್ ನೂರಾ ಮೂವತ್ತು,
ಗೇರ್‌ಬಾಕ್ಸ್ ಬಿಚ್ಚದೆ ಎತ್ತಿದರೆ ಇನ್ನೂ ಮೂವತ್ತು.
ಕೊಂಡಿಯ ಬೇರು ಯಾವ ಕಂಬಿಗೆ ಕಟ್ಟಿದೆ,
ಕಂಬಿಯನ್ನು ತುಕ್ಕು ಎಷ್ಟು ತಿಂದಿದೆ,
ಕೇಳೋಣವೆಂದರೆ ಮೇಸ್ತ್ರಿ ಹೋಗಿ ಹದಿನೆಂಟು ವರ್ಷ.
ಕಾಣದ್ದರ ಮೇಲೆ ಭಾರ ಹಾಕಬಾರದು.
(ದೇವರ ಮಾತಲ್ಲ ಅವ್ವ, ಕೊಂಡಿಯ ಮಾತು.)

ತಾರಸಿಯನ್ನು ಅದರ ಪಾಡಿಗೆ ಬಿಟ್ಟು
ನೆಲದಿಂದಲೇ ಎದ್ದು ನಿಲ್ಲುವ ಚೌಕಟ್ಟು ಬರೆದೆ.
ಎರಡೂ ಕಡೆ ಕಾಲು ಅಗಲಿಸಿದ ಕಂಬ,
ಮೇಲೆ ಆರಿಂಚಿನ ಐ-ಬೀಮು,
ಬೀಮಿನ ಕೆಳತುಟಿ ಹಿಡಿದು ಓಡುವ ಟ್ರಾಲಿ,
ಓಡಿ ಬೀಳದಂತೆ ತುದಿಗೆರಡು ತಡೆ.

ಎಸ್.ಪಿ. ರೋಡಿನ ಅಂಗಡಿಯವನು
ಬೊಗಸೆ ತುಂಬ ಬೋಲ್ಟು ಸುರಿದ. 'ಎಲ್ಲಾ ಒಂದೇ ಮೇಡಂ.'
ಒಂದೊಂದನ್ನೇ ತಿರುಗಿಸಿ ತಲೆ ನೋಡಿದೆ.
ಎಂಟು ಪಾಯಿಂಟ್ ಎಂಟು ಎಂದು ಅಚ್ಚಿದ್ದವು ನನಗೆ,
ಬೋಳು ತಲೆಯವು ಅವನಿಗೆ.
ಹಣೆಬರಹ ಓದಲು ನನಗೆ ಬರುವುದು
ಬೋಲ್ಟಿನದು ಮಾತ್ರ.

ಚೈನ್ ಬ್ಲಾಕಿನ ಕೊಕ್ಕೆಗೊಂದು ನಾಲಗೆ ಇರುತ್ತದೆ,
ಸಿಕ್ಕಿದ್ದು ಜಾರದಂತೆ ಬಾಯಿ ಮುಚ್ಚುವ ತಗಡು.
ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದೆ.
ಅಂಗಡಿಯವನಿಗೆ ಬೇಸರ ಬಂತು.
ಅವನಿಗೆ ರುದ್ರೋಜಿ ಗೊತ್ತಿಲ್ಲ.

ಪೀಣ್ಯದ ಶೆಡ್ಡು, ಎರಡನೇ ಪಾಳಿ, ಮಂಗಳವಾರ.
ನಾಲಗೆ ಮುರಿದ ಕೊಕ್ಕೆಗೆ ಕಟ್ಟುತಂತಿ ಸುತ್ತಿ
'ಇವತ್ತೊಂದಿನ ನಡೀತದೆ' ಅಂದರು.
ಅಂದವರಲ್ಲಿ ನಾನೂ ಒಬ್ಬಳು.
ಡೈ ಬಿದ್ದ ಸದ್ದು ಜಾಲಹಳ್ಳಿ ಕ್ರಾಸಿಗೂ ಕೇಳಿಸಿತಂತೆ.
ರುದ್ರೋಜಿಯ ಸದ್ದು
ಮಾರು ದೂರದಲ್ಲಿದ್ದ ನನಗೂ ಕೇಳಿಸಲಿಲ್ಲ.

ಭಾನುವಾರ ನಯಾಜ್ ಬಂದು ಬೆಸೆದುಕೊಟ್ಟ.
ಒಂದು ಕೂಡಿನಲ್ಲಿ ಸೂಜಿಯಷ್ಟು ತೂತು;
ಅರೆದು ತೆಗೆದು ಮತ್ತೆ ಹಾಕು ಅಂದೆ.
'ಮನೆಗೆ ತಾನೇ ಅಕ್ಕಾ?'
ಮನೆಗೇ ನಯಾಜ್, ಅದಕ್ಕೇ.

ಇನ್ನು ಪರೀಕ್ಷೆ.
ದಿನ ಬಿಟ್ಟು ದಿನ ಬರುವ ಕಾವೇರಿ ನೀರು
ಬಂದ ಬೆಳಿಗ್ಗೆ ಮೂರು ನೀಲಿ ಡ್ರಮ್ಮು ತುಂಬಿ
ಹಲಗೆಗೆ ಬಿಗಿದೆ: ಆರುನೂರ ಮೂವತ್ತು ಕೇಜಿ,
ಅರ್ಧ ಟನ್ನು, ಮೇಲೊಂದಿಷ್ಟು.
ಎರಡು ಬೆರಳು ಎತ್ತರಕ್ಕೆ ಎತ್ತಿ, ದೂರ ಸರಿದು ನಿಂತೆ.
'ಕುಡಿಯೋ ನೀರನ್ನ ನೇಣಿಗೆ ಹಾಕಿದೀಯಲ್ಲೇ!'
ಅವ್ವ ಬಾಗಿಲಲ್ಲಿ, ಕೈಯಲ್ಲಿ ಖಾಲಿ ಕೊಡ.

ಬೀಮಿನುದ್ದಕ್ಕೂ ಎಳೆದು ಕಟ್ಟಿದ ದಾರ ಹೇಳಿತು:
ನಡುವೆ ಎರಡೂವರೆ ಮಿಲಿಮೀಟರು ಬಾಗಿದೆ.
ಕಾಗದವೂ ಅಷ್ಟೇ ಹೇಳಿತ್ತು.
ಗಂಟೆ ಕಳೆದು ಇಳಿಸಿದ ಮೇಲೆ
ಮೂಟೆ ಇಳಿಸಿದ ಹಮಾಲಿಯಂತೆ
ಬೆನ್ನು ನೆಟ್ಟಗೆ ಮಾಡಿಕೊಂಡಿತು.
ದಾರಕ್ಕೂ ಬೀಮಿಗೂ ನಡುವೆ ಏನೂ ಉಳಿಯಲಿಲ್ಲ.
ಆ ನೀರಲ್ಲೇ ಅವತ್ತಿನ ಸಾರು.

ಹಳದಿ ಬಳಿದು ಕಪ್ಪಲ್ಲಿ ಬರೆದೆ: ೫೦೦ ಕೆ.ಜಿ.
ಅದರ ಕೆಳಗೆ: ಕೆಳಗೆ ನಿಲ್ಲಬೇಡಿ.
ಹಳೇ ಕೊಂಡಿಗೆ ಅವ್ವ ಬಾಳೆಗೊನೆ ನೇತುಹಾಕಿದಳು,
ಯಾರೂ ಕೇಳದಿದ್ದರೂ, 'ಇದಕ್ಕಾದರೂ ಆಗ್ತದೆ' ಅನ್ನುತ್ತ.

ಇಂಜಿನ್ ಎತ್ತಿದ ಸಂಜೆ
ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಸುತ್ತು ಎಳೆದೆ.
ಸುತ್ತಿನಾಚೆ ಪ್ಲಾಸ್ಟಿಕ್ ಕುರ್ಚಿ, ಅವ್ವ.
ಸರಪಳಿ ಕಟಕಟ ಎಂದು ಹಲ್ಲು ಎಣಿಸಿತು.
ನಲವತ್ತು ವರ್ಷದ ಎಣ್ಣೆಜಿಡ್ಡು ಹೊತ್ತು
ಪದ್ಮಿನಿಯ ಎದೆಗೂಡಿನಿಂದ ಅದು ಮೇಲೆದ್ದಿತು,
ಎದ್ದು ಕೊಂಚ ಆಚೆ ಈಚೆ ಆಡಿತು.

ನೋಡಿದರೆ
ಅವ್ವನ ಬಲಗೈ, ಅವಳಿಗೇ ಗೊತ್ತಿಲ್ಲದೆ,
ಗಾಳಿಯಲ್ಲಿ ಒಂದು ಹಗ್ಗ ಎಳೆಯುತ್ತಿದೆ.
ಎಳೆದು, ಸಡಿಲ ಬಿಟ್ಟು.

ನಿಲ್ಲಲಿ ಅವ್ವ, ಅಂದೆ.
ಅದು ನಿಲ್ಲುವ ತನಕ
ಸರಪಳಿ ಮುಟ್ಟಲಿಲ್ಲ.